ಹೊರಗಿನ ಕರೆಂಟು ಮಿದುಳಿನ ಆಳ ಮುಟ್ಟೀತೇ?

“ಡಾಕ್ಟ್ರೇ, ತಲೆ ಕೊರೆಯದೆ ಹೊರಗಿನಿಂದಲೇ ಕರೆಂಟು ಕೊಟ್ಟು ನಡುಕ ನಿಲ್ಲಿಸುವ ಯಂತ್ರ ಬಂದಿದೆಯಂತೆ. ತರಿಸಲೇ? ಅಪ್ಪನ ಮಾತ್ರೆ ನಿಲ್ಲಿಸಬಹುದಲ್ಲ?” ಪಾರ್ಕಿನ್ಸನ್ ಕಾಯಿಲೆಯ ತಂದೆಯನ್ನು ಕರೆತಂದ ಮಗನೊಬ್ಬ ಕೇಳಿದ ಪ್ರಶ್ನೆ ಇದು. ಇದೇ ಆಸೆ ನಿಮ್ಮ ಮನೆಯಲ್ಲೂ ಇರಬಹುದು.

ಮಿದುಳಿನ ಆಳಕ್ಕೆ ವಿದ್ಯುತ್ ಪ್ರಚೋದನೆ ಕೊಡುವುದು ಹೊಸದಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಾಬಿದ್ ಅವರ ತಂಡ 1987ರಲ್ಲಿ ನಡುಕಕ್ಕೆ ಈ ಚಿಕಿತ್ಸೆ ಆರಂಭಿಸಿತು. ಬುರುಡೆಗೆ ರಂಧ್ರ ಮಾಡಿ ತೆಳು ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಡುತ್ತಾರೆ. ಆಯ್ದ ರೋಗಿಗಳಿಗೆ ಇದರಿಂದ ಒಳ್ಳೆಯ ಉಪಯೋಗವಿದೆ. ಆದರೆ ಶಸ್ತ್ರಚಿಕಿತ್ಸೆ ಎಂದಮೇಲೆ ರಕ್ತಸ್ರಾವ, ಸೋಂಕಿನ ಅಪಾಯ ಇದ್ದೇ ಇದೆ.

ಹೊರಗಿನಿಂದ ಏಕೆ ಕಷ್ಟ?

ನೆತ್ತಿಯ ಮೇಲೆ ಕೊಡುವ 1–2 ಮಿಲಿಆಂಪಿಯರ್ ಕರೆಂಟಿನ ಹೆಚ್ಚಿನ ಭಾಗ ಚರ್ಮದಲ್ಲೇ ಹರಿದುಹೋಗುತ್ತದೆ. ಬುರುಡೆಯ ಮೂಳೆ ಅದನ್ನು ತಡೆಯುತ್ತದೆ. ಮಿದುಳಿನ ಸುತ್ತಲ ದ್ರವ ಸುಲಭವಾಗಿ ಹರಿಯಬಿಡುತ್ತದೆ. ಹೊಳೆಯ ನೀರು ಬಂಡೆ ಎದುರಾದರೆ ಪಕ್ಕಕ್ಕೆ ಸರಿಯುವಂತೆ ಕರೆಂಟೂ ತನಗೆ ಅನುಕೂಲವಾದ ದಾರಿ ಹಿಡಿಯುತ್ತದೆ.

ಆ ದಾರಿ ತಿಳಿಯಲು ವಿಜ್ಞಾನಿಗಳು ಕಂಪ್ಯೂಟರಿನ ಮೊರೆಹೋಗುತ್ತಾರೆ. ಎಂಆರ್‌ಐ ಚಿತ್ರದಿಂದ ಚರ್ಮ, ಮೂಳೆ, ದ್ರವ, ಮಿದುಳು ಎಂದು ಬೇರ್ಪಡಿಸಿ, ತಲೆಯನ್ನು ಲಕ್ಷಾಂತರ ಪುಟ್ಟ ತುಣುಕುಗಳಾಗಿ ವಿಭಾಗಿಸಿ, ಪ್ರತಿ ತುಣುಕಿನಲ್ಲಿ ಕರೆಂಟಿನ ಪ್ರಭಾವ ಎಷ್ಟೆಂದು ಲೆಕ್ಕ ಹಾಕುತ್ತಾರೆ. ಬುರುಡೆಯ ದಪ್ಪ ಒಬ್ಬೊಬ್ಬರದು ಒಂದೊಂದು ಬಗೆ. ಆದ್ದರಿಂದ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಸರಿಹೊಂದದು.

ಎರಡು ತಂತಿಯ ಉಪಾಯ

ತಂಬೂರಿಯ ಎರಡು ತಂತಿಗಳ ಶ್ರುತಿ ಕೊಂಚ ವ್ಯತ್ಯಾಸವಾದರೆ ನಾದ ಏರಿಳಿಯುವುದನ್ನು ನೀವು ಕೇಳಿರಬಹುದು. ಇದೇ ತತ್ವದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಇಲಿಯ ತಲೆಗೆ ಎರಡು ಕಡೆಯಿಂದ 2000 ಮತ್ತು 2010 ಹರ್ಟ್ಜ್ ಕರೆಂಟು ಕೊಟ್ಟರು. ಇಷ್ಟು ವೇಗದ ಕರೆಂಟಿಗೆ ನರಕೋಶಗಳು ಸ್ಪಂದಿಸುವುದಿಲ್ಲ. ಎರಡೂ ಕೂಡುವ ಆಳದಲ್ಲಿ ಮಾತ್ರ ಸೆಕೆಂಡಿಗೆ 10 ಬಾರಿಯ ಏರಿಳಿತ ಉಂಟಾಗಿ ಅಲ್ಲಿನ ಕೋಶಗಳು ಎಚ್ಚೆತ್ತವು. 2023ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ, ಕಂಪ್ಯೂಟರ್ ಲೆಕ್ಕದ ನೆರವಿನಿಂದ, ಆರೋಗ್ಯವಂತರ ಮಿದುಳಿನ ನೆನಪಿನ ಕೇಂದ್ರದಲ್ಲಿ ಇಂಥ ಪರಿಣಾಮ ತೋರಿಸಿತು.

ಆದರೆ ಇಲಿಯ ತಲೆ ಪುಟ್ಟದು. ಮನುಷ್ಯನ ತಲೆಯ ಆಳದಲ್ಲಿ ಪ್ರಭಾವ ಬಹಳ ಕಡಿಮೆಯೆಂದು ಲೆಕ್ಕಗಳೇ ಹೇಳುತ್ತವೆ. ಕರೆಂಟು ಎಲ್ಲಿ ತಲುಪುತ್ತದೆಂದು ಕಂಪ್ಯೂಟರ್ ಹೇಳೀತು. ರೋಗ ವಾಸಿಯಾಗುತ್ತದೆಯೇ ಎಂಬುದನ್ನು ರೋಗಿಗಳ ಮೇಲಿನ ಪರೀಕ್ಷೆಯೇ ಹೇಳಬೇಕು.

ನೆನಪಿಡಿ

1. ಪಾರ್ಕಿನ್ಸನ್ ಕಾಯಿಲೆಗೆ ಈ ವಿಧಾನ ಇನ್ನೂ ಸಂಶೋಧನೆಯ ಹಂತದಲ್ಲಿದೆ.

2. ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಬೇಡಿ. ಮೈ ಬಿಗಿತ, ತೀವ್ರ ಜ್ವರ, ಗೊಂದಲ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು.

3. ಜಾಹೀರಾತು ನಂಬಿ ತಲೆಗೆ ಕರೆಂಟು ಕೊಡುವ ಸಾಧನ ಕೊಳ್ಳಬೇಡಿ. ಪೇಸ್‌ಮೇಕರ್ ಇರುವವರು, ಮೂರ್ಛೆರೋಗದವರು ವಿಶೇಷ ಎಚ್ಚರ ವಹಿಸಬೇಕು.

4. ಮಾತ್ರೆಯಿಂದ ನಡುಕ ಹತೋಟಿಗೆ ಬಾರದಿದ್ದರೆ ನರರೋಗ ತಜ್ಞರನ್ನು ಕಾಣಿರಿ.

ಆ ಮಗನಿಗೂ ಇದನ್ನೇ ಹೇಳಿದೆ. ಅಪ್ಪನ ಮಾತ್ರೆಯ ಹೊತ್ತು ತಪ್ಪದಂತೆ ನೋಡಿಕೊಳ್ಳುವುದೇ ಇಂದು ಅವರಿಗೆ ಸಿಗಬಹುದಾದ ಒಳ್ಳೆಯ ನೆರವು.