ಕಡಲ ದಂಡೆಯ ನಡಿಗೆ: ಎಲ್ಲಿ ನಿಲ್ಲಬೇಕು, ಏಕೆ ನಿಲ್ಲಬೇಕು?

ಚಳಿಗಾಲದ ರಜೆ ಬಂತೆಂದರೆ ಕುಮಟಾದಿಂದ ಗೋಕರ್ಣದವರೆಗೆ ಸಮುದ್ರದ ಅಂಚಿನಲ್ಲೇ ನಡೆದು ಹೋಗುವ ಗುಂಪುಗಳು ಕಾಣಸಿಗುತ್ತವೆ. ಸುಮಾರು 25 ಕಿ.ಮೀ. ದೂರದ ಈ ದಾರಿಯನ್ನು ಸಾಮಾನ್ಯವಾಗಿ ಎರಡು ದಿನಗಳಲ್ಲಿ ಕ್ರಮಿಸುತ್ತಾರೆ. ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೊರಡುವ ಕುಟುಂಬಗಳೂ ಉಂಟು. "ಡಾಕ್ಟರೇ, ದಿನಾ ಪಾರ್ಕಿನಲ್ಲಿ ಐದು ಕಿ.ಮೀ. ನಡೆಯುತ್ತೇನೆ, ಇದೇನು ಮಹಾ?" ಎಂದು ಕೇಳುವವರಿದ್ದಾರೆ.

ಪಾರ್ಕಿನ ನೆಲವೇ ಬೇರೆ, ಮರಳೇ ಬೇರೆ. ಒಣ ಮರಳಿನಲ್ಲಿ ಪಾದ ಹೂತುಹೋಗುತ್ತದೆ. ಗಟ್ಟಿ ನೆಲದ ಮೇಲಿನ ವೇಗದಲ್ಲೇ ನಡೆಯಬೇಕೆಂದರೆ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಜೊತೆಗೆ ಕರಾವಳಿಯ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ. ಆದ್ದರಿಂದ ಈ ದಾರಿಯ ಸುಂದರ ತಾಣಗಳನ್ನು ಕೇವಲ ಫೋಟೋ ತೆಗೆಯುವ ಜಾಗಗಳೆಂದು ಭಾವಿಸದೆ, ದೇಹವನ್ನು ವಿಚಾರಿಸಿಕೊಳ್ಳುವ ಜಾಗಗಳೆಂದೂ ತಿಳಿಯಿರಿ.

ಕಡ್ಲೆ, ಬಾಡ: ಪಾದ ನೋಡಿಕೊಳ್ಳಿ

ಕುಮಟಾ ಬಿಟ್ಟ ಮೇಲೆ ಸಿಗುವ ಉದ್ದನೆಯ ಮರಳ ದಂಡೆಗಳಿವು. ಅಲೆ ತೊಯ್ಯಿಸಿದ ಗಟ್ಟಿ ಮರಳಿನ ಮೇಲೆ ನಡೆದರೆ ಆಯಾಸ ಕಡಿಮೆ. ಮರದ ನೆರಳು ಸಿಕ್ಕಲ್ಲಿ ಕುಳಿತು ಬೂಟು, ಕಾಲುಚೀಲ ಬಿಚ್ಚಿ ಮರಳು ಕೊಡವಿ. ಎಲ್ಲಾದರೂ ಕೆಂಪಾಗಿ ಉರಿಯುತ್ತಿದ್ದರೆ ಅಲ್ಲಿಗೆ ಪಟ್ಟಿ ಅಂಟಿಸಿ. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಲೇಬಾರದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಕಾದ ಮರಳು ಸುಟ್ಟದ್ದೂ, ಚಿಪ್ಪು ಕೊಯ್ದದ್ದೂ ಗೊತ್ತಾಗುವುದಿಲ್ಲ.

ಅಘನಾಶಿನಿ: ನೀರು, ಆಹಾರ, ನಿರ್ಧಾರ

ನದಿ ಕಡಲು ಸೇರುವ ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ನೀರು ಇಳಿದಾಗ ಚಿಪ್ಪುಮೀನು ಆಯುವವರನ್ನು, ಹಕ್ಕಿಗಳನ್ನು ನೋಡುತ್ತಾ ದೋಣಿಗಾಗಿ ಕಾಯಬಹುದು. ದೋಣಿ ದಾಟಿದರೆ ತದಡಿ. ಇಲ್ಲಿ ಊರಿದೆ, ರಸ್ತೆಯಿದೆ. ಹೊಟ್ಟೆಗೆ ಏನಾದರೂ ತಿನ್ನಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅದೂ ಅಪಾಯವೇ. ಓ.ಆರ್.ಎಸ್. ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಒಳ್ಳೆಯದು. ಮೂತ್ರ ಗಾಢ ಹಳದಿಯಾಗಿದ್ದರೆ ಕುಡಿದದ್ದು ಸಾಲದು ಎಂದರ್ಥ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಎದೆ ಹಿಡಿದಂತಾದವರು, ತಲೆ ಸುತ್ತಿದವರು ಇಲ್ಲಿಂದ ಮುಂದೆ ನಡೆಯಬಾರದು. ಎದೆ ನೋವಿದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಪ್ಯಾರಡೈಸ್, ಹಾಫ್ ಮೂನ್: ವಾಹನ ಬಾರದ ಜಾಗ

ಬಂಡೆಗಳ ನಡುವಿನ ಈ ಪುಟ್ಟ ದಂಡೆಗಳಿಗೆ ಕಾಲುದಾರಿ ಅಥವಾ ದೋಣಿಯೇ ಗತಿ. ಕೆಲವು ವರ್ಷಗಳ ಹಿಂದೆ ಇಲ್ಲಿ ನಮ್ಮ ಗುಂಪಿನ ತರುಣನೊಬ್ಬ ಮಧ್ಯಾಹ್ನದ ಬಿಸಿಲಿನಲ್ಲಿ ಏನೇನೋ ಮಾತಾಡತೊಡಗಿದ. ಗೆಳೆಯರು ತಮಾಷೆ ಎಂದು ನಕ್ಕರು. ಹಿಂದಿನಿಂದ ಬಂದ ನಾನು ಮುಟ್ಟಿ ನೋಡಿದರೆ ಮೈ ಕಾದ ಹೆಂಚಿನಂತಿತ್ತು. "ಬೆವರುತ್ತಿದ್ದಾನಲ್ಲ, ಏನೂ ಆಗಿರಲಿಕ್ಕಿಲ್ಲ" ಎಂದರೊಬ್ಬರು. ಇದೇ ತಪ್ಪು ತಿಳಿವಳಿಕೆ. ಶ್ರಮದಿಂದ ಬರುವ ಬಿಸಿಲಾಘಾತದಲ್ಲಿ ಬೆವರು ಇದ್ದೇ ಇರಬಹುದು. ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು, ನಡೆ ಅಸ್ತವ್ಯಸ್ತವಾದರೆ ಅದು ಪ್ರಾಣಾಂತಕ.

ಅವನನ್ನು ನೆರಳಿಗೆ ಎಳೆದು, ಅಂಗಿ ಬಿಚ್ಚಿ, ಪಂಚೆ ಟವೆಲ್ಲುಗಳನ್ನು ಸಮುದ್ರದ ನೀರಲ್ಲಿ ಅದ್ದಿ ಮೈತುಂಬ ಹೊದಿಸಿ, ಬದಲಿಸುತ್ತಾ, ಗಾಳಿ ಬೀಸುತ್ತಾ ಕುಳಿತೆವು. ಸುಮಾರು ಅರ್ಧ ಗಂಟೆಯ ಮೇಲೆ ಗೆಳೆಯನ ಹೆಸರು ಹಿಡಿದು ಕರೆದ. ಆಮೇಲೆ ದೋಣಿಯಲ್ಲಿ ಸಾಗಿಸಿ ಆಸ್ಪತ್ರೆಗೆ ಸೇರಿಸಿದೆವು. ಬದುಕಿದ. ನಕ್ಕವರು ಕೆಟ್ಟವರಲ್ಲ, ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ನೆನಪಿಡಿ: ಮೊದಲು ತಣಿಸಿ, ಆಮೇಲೆ ಸಾಗಿಸಿ. 108ಕ್ಕೆ ಕರೆ ಮಾಡಲು ಒಬ್ಬರನ್ನು ಕೂಡಲೇ ಕಳಿಸಿ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಈ ಕಾವು ಇಳಿಯುವುದಿಲ್ಲ.

ಓಂ, ಕುಡ್ಲೆ: ನೀರಿಗಿಳಿಯುವ ಮುನ್ನ

ಓಂಕಾರದ ಆಕಾರದ ದಂಡೆಯನ್ನು ಗುಡ್ಡದ ಮೇಲಿನಿಂದ ಕಣ್ತುಂಬ ನೋಡಿ. ಗೋಕರ್ಣ ಹತ್ತಿರವಾಯಿತೆಂಬ ಉತ್ಸಾಹದಲ್ಲಿ ದಣಿದ ಮೈಯಲ್ಲೇ ನೀರಿಗೆ ಹಾರುವವರು ಹೆಚ್ಚು. ಅಲೆ ಒಡೆಯದೆ ಶಾಂತವಾಗಿ ಕಾಣುವ ಕಡೆಯೇ ಒಳಸೆಳೆತ ಇರಬಹುದು. ಸಿಕ್ಕಿಕೊಂಡರೆ ದಡದ ಕಡೆಗೆ ಸೆಣಸದೆ, ತೇಲುತ್ತಾ ಕೈ ಎತ್ತಿ ಕರೆಯಿರಿ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಮದ್ಯ ಸೇವಿಸಿದವರು ನೀರಿಗಿಳಿಯಲೇಬಾರದು.

ನವೆಂಬರಿನಿಂದ ಫೆಬ್ರವರಿಯವರೆಗೆ ಈ ನಡಿಗೆಗೆ ಸೂಕ್ತ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. ಬೆಳಗಿನ ಜಾವ ಹೊರಟು ಹನ್ನೊಂದರೊಳಗೆ ನೆರಳು ಸೇರಿ, ನಾಲ್ಕರ ಮೇಲೆ ಮತ್ತೆ ನಡೆಯಿರಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಅವರ ವೇಗವೇ ಎಲ್ಲರ ವೇಗವಾಗಲಿ. ಕಡಲು ಎಲ್ಲಿಗೂ ಹೋಗುವುದಿಲ್ಲ. ಅರ್ಧದಲ್ಲಿ ಬಿಟ್ಟ ದಾರಿಯನ್ನು ಮುಂದಿನ ವರ್ಷ ಮುಗಿಸಬಹುದು.