ಹಳೆಯ ಎನ್‌ಫೀಲ್ಡ್‌ಗೆ ಮೊದಲ ಈಡು

ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ ಕೈಗೆ ಬಂದರೆ, ಅದರೊಳಗೆ ಈಡು ಇದೆ ಎಂದೇ ನಂಬಿಕೊಂಡು ಹೊರಡಬೇಕು. ಯಾರೋ ತುಂಬಿ, ಹೊಡೆಯದೆ ಮೂಲೆಗೆ ಒರಗಿಸಿಟ್ಟ ಕೋವಿಗಳು ನೂರು ವರ್ಷದ ಮೇಲೂ ಹಾಗೇ ಸಿಗುತ್ತವೆ. ತೇವ ತಗಲದಿದ್ದರೆ ಕರಿಮದ್ದು ಕೆಡುವುದಿಲ್ಲ. ಇಂಡಿಯಾನಾದಲ್ಲಿ 1853ರ ಮಾದರಿಯ ಎನ್‌ಫೀಲ್ಡ್ ಕೊಂಡಾಗ ನಾನು ಮೊದಲು ಮಾಡಿದ್ದೂ ಇದನ್ನು ನೋಡುವ ಕೆಲಸ. ಮದ್ದು ಜಡಿಯುವ ಗಜವನ್ನು ನಳಿಗೆಯ ತಳಕ್ಕೆ ಇಳಿಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿಯಬೇಕು. ತುದಿ, ಮದ್ದಿಗೆ ಕಿಡಿ ಕೊಡುವ ಕೇಪು ಕೂರುವ ಜಾಗದ ತನಕ ಬಂದರೆ ಖಾಲಿ. ಮೂರು ನಾಲ್ಕು ಬೆರಳು ಮೊದಲೇ ನಿಂತರೆ ಬಂದೂಕು ರಿಪೇರಿಯವನ ಹತ್ತಿರ ಹೋಗುವುದೇ ಸರಿ. ಖಾಲಿ ಇದ್ದರೂ ಹೋಗಬೇಕೆನ್ನಿ. ತುಕ್ಕು ತಿಂದ ನಳಿಗೆ, ಸವೆದ ತಿರುಪಿನ ಮರೆಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಅಮೆರಿಕದ ಅಂತರ್ಯುದ್ಧಕ್ಕೆ ಎರಡೂ ಪಕ್ಷದವರು ಈ ಕೋವಿಯನ್ನು ಇಂಗ್ಲೆಂಡಿನಿಂದ ಲಕ್ಷಗಟ್ಟಲೆ ತರಿಸಿದ್ದರು. ಹಾಗಾಗಿ ಇಲ್ಲಿ ಇನ್ನೂ ಸಿಗುತ್ತದೆ.

ಮಲೆನಾಡಿನ ನಮ್ಮ ಮನೆಯಲ್ಲಿ ಕೇಪಿನ ಕೋವಿ ಇತ್ತು. ನುಣುಪು ನಳಿಗೆ, ಮದ್ದಿನ ಮೇಲೆ ಚರೆ, ಅಳತೆಯೆಲ್ಲ ಕೈಯಂದಾಜು. ಆ ಅಂದಾಜು ಎನ್‌ಫೀಲ್ಡ್‌ನಲ್ಲಿ ನಡೆಯುವುದಿಲ್ಲ. ಇದರ ನಳಿಗೆಯೊಳಗೆ ಕೊರೆದ ಮೂರು ಗಾಡಿಗಳು 78 ಇಂಚಿಗೊಂದು ಸುತ್ತು ತಿರುಗುತ್ತವೆ. ಗುಂಡಿನ ಹಿಂಬದಿ ಟೊಳ್ಳು. ಮದ್ದು ಉರಿದ ಒತ್ತಡಕ್ಕೆ ಅದು ಅರಳಿ ಗಾಡಿಗಳನ್ನು ಕಚ್ಚಿಕೊಳ್ಳಬೇಕು. ಅದಕ್ಕೇ ಮೆತ್ತನೆಯ ಶುದ್ಧ ಸೀಸವೇ ಆಗಬೇಕು, ನಳಿಗೆಗಿಂತ ಇಂಚಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ ಸಣ್ಣದಿರಬೇಕು. ಪುಸ್ತಕದಲ್ಲಿ .577 ಎಂದಿದ್ದರೂ ಒಂದೊಂದು ನಳಿಗೆ ಒಂದೊಂದು ಥರ. ಅಳೆದೇ ಅಚ್ಚು ಕೊಳ್ಳಬೇಕು.

ಗುಂಡಿಗೆ ಸವರಲು ಜೇನುಮೇಣಕ್ಕೆ ಕೊಬ್ಬು ಬೆರೆಸುವುದು ವಾಡಿಕೆ. 1857ರಲ್ಲಿ ಸಿಪಾಯಿಗಳನ್ನು ರೊಚ್ಚಿಗೆಬ್ಬಿಸಿದ, ಕೊಬ್ಬು ಸವರಿದ ತೋಟೆಯ ಸುದ್ದಿ ಇದೇ ಕೋವಿಯದು. ನಾನು ಕೊಬ್ಬರಿ ಎಣ್ಣೆ ಬೆರೆಸುತ್ತೇನೆ. ಜೊತೆಯವರು ಮೂಗು ಮುರಿದರೂ ಕೆಲಸವೇನೂ ಕೆಟ್ಟಿಲ್ಲ.

ಸೈನ್ಯದ ಅಳತೆ 68 ಗ್ರೇನ್ ಮದ್ದು. ಮುದಿ ಕೋವಿಗೆ ಅಷ್ಟು ಯಾಕೆ? 45 ಗ್ರೇನ್, ಅಂದರೆ ಮೂರು ಗ್ರಾಂ ಹತ್ತಿರ, ಹಾಕಿದರೆ ಐವತ್ತು ಗಜ ದೂರಕ್ಕೆ ನನ್ನದು ಚೆನ್ನಾಗಿಯೇ ಹೊಡೆಯುತ್ತದೆ. ಗುರಿ ಮಾತ್ರ ಸ್ವಲ್ಪ ಕೆಳಗೆ ಹಿಡಿಯಬೇಕು. ಕರಿಮದ್ದನ್ನೇ ಹಾಕಬೇಕು, ಈಗಿನ ತೋಟೆಗಳ ಹೊಗೆಯಿಲ್ಲದ ಮದ್ದು ಹಾಕಿದರೆ ನಳಿಗೆ ಸಿಡಿಯುತ್ತದೆ. ಮದ್ದಿನ ಬುರುಡೆಯಿಂದ ನೇರ ಸುರಿಯಕೂಡದು. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಬುರುಡೆಯೇ ಕೈಯಲ್ಲಿ ಸಿಡಿದೀತು. ಅಳತೆ ಕೊಳವೆಯಿಂದಲೇ ಹಾಕಬೇಕು, ಮುಖ ನಳಿಗೆಯ ಬಾಯಿಂದ ದೂರವಿರಬೇಕು. ಗುಂಡು ಮದ್ದಿನ ಮೇಲೆ ಗಟ್ಟಿಯಾಗಿ ಕೂತಿರಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಅದಕ್ಕಾಗಿ ಗಜದ ಮೇಲೆ ಇನ್ನೊಂದು ಗುರುತು. ಕೇಪು ಕೊನೆಗೆ, ಕೋವಿಯನ್ನು ಗುರಿಯ ಕಡೆ ತಿರುಗಿಸಿದ ಮೇಲೆ. ಕೇಪು ಸಿಡಿದೂ ಈಡು ಹಾರದಿದ್ದರೆ ಹಾಗೇ ಹಿಡಿದುಕೊಂಡು ಒಂದು ನಿಮಿಷ ಕಾಯಬೇಕು.

ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಘನವಾಗಿಯೇ ಉಳಿದು, ಹೊಗೆಯೂ ಮಸಿಯೂ ಆಗುತ್ತದೆ. ಮಸಿ ಗಾಳಿಯ ತೇವ ಎಳೆದು ಕಬ್ಬಿಣ ತಿನ್ನುತ್ತದೆ. ಎಣ್ಣೆಗೆ ಅದು ಕರಗದು, ಬಿಸಿನೀರೇ ಬೇಕು. ತೊಳೆಯುವಾಗ ಕೊಳೆತ ಮೊಟ್ಟೆಯ ವಾಸನೆ. ಹೆಂಡತಿಯ ಅಪ್ಪಣೆಯಂತೆ ಈ ಕೆಲಸ ಗ್ಯಾರೇಜಿನಲ್ಲಿ, ಹೊಡೆದ ದಿನವೇ. ಒಣಗಿಸಿ ಎಣ್ಣೆ ಸವರಿ, ಮರುದಿನ ಬಿಳಿಬಟ್ಟೆ ಹಾಕಿ ನೋಡುತ್ತೇನೆ. ಕೆಂಪು ಕಂಡರೆ ಮತ್ತೆ ನೀರು ಕಾಯಿಸುತ್ತೇನೆ.