ಹ್ಯಾಂಡ್ ಬ್ರೇಕ್ ಎಳೆದರೆ ಸಾಲದು, ಹಿಡಿಯುತ್ತದೆಯೇ ನೋಡಿ

ಈ ವಾರ ಗೊಬ್ಬರ, ಕೀಟದ ವಿಷಯ ಬಿಟ್ಟು ಬೆಳೆ ಸಾಗಿಸುವ ಗಾಡಿಯ ಬಗ್ಗೆ ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಕುಣಿಗಲ್ ಹತ್ತಿರದ ನಮ್ಮ ತೋಟದ ಇಳಿಜಾರಿನಲ್ಲಿ ಪಿಕಪ್ ನಿಲ್ಲಿಸಿ ಟೊಮೆಟೊ ಕ್ರೇಟ್ ತುಂಬುತ್ತಿದ್ದೆವು. ಹ್ಯಾಂಡ್ ಬ್ರೇಕ್ ಎಳೆದಿದ್ದೆ, ಗೇರ್‌ನಲ್ಲಿ ಬಿಟ್ಟಿರಲಿಲ್ಲ. ಅರ್ಧ ಲೋಡ್ ಆಗುವಷ್ಟರಲ್ಲಿ "ಅಣ್ಣಾ, ಗಾಡಿ ಹೋಯ್ತಾ ಐತೆ!" ಅಂತ ಹಿಂದೆ ನಿಂತಿದ್ದ ಹುಡುಗ ಕೂಗಿ ಪಕ್ಕಕ್ಕೆ ಹಾರಿದ. ಗಾಡಿ ತೆಂಗಿನ ಮರಕ್ಕೆ ಗುದ್ದಿ ನಿಂತಿತು. ಹುಡುಗನಿಗೆ ಏನೂ ಆಗಲಿಲ್ಲ, ಪುಣ್ಯ.

ತಪ್ಪು ನನ್ನದೇ. ಲಿವರ್ ಸಡಿಲ ಆದಾಗೆಲ್ಲ ಕೇಬಲ್ ನಟ್ ಬಿಗಿ ಮಾಡಿ ಸುಮ್ಮನಾಗುತ್ತಿದ್ದೆ. ಮೆಕ್ಯಾನಿಕ್ ಬಿಚ್ಚಿದಾಗ ಒಂದು ಕಡೆಯ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು, ಇನ್ನೊಂದು ಕಡೆ ಬ್ರೇಕ್ ಶೂ ಸವೆದಿತ್ತು. ನಟ್ ಬಿಗಿ ಮಾಡಿದ್ದರಿಂದ ಸವೆತ ಮುಚ್ಚಿಹೋಗಿತ್ತು, ಅಷ್ಟೇ.

ಹೆಚ್ಚಿನ ಪಿಕಪ್, ಹಳೇ ಕಾರುಗಳಲ್ಲಿ ಲಿವರ್ ಎಳೆದರೆ ಕೇಬಲ್ ಮೂಲಕ ಹಿಂದಿನ ಡ್ರಮ್ ಒಳಗಿನ ಶೂ ಅಗಲಗೊಂಡು ಡ್ರಮ್ಮನ್ನು ಹಿಡಿಯುತ್ತದೆ. ತಿಂಗಳಿಗೊಮ್ಮೆ ಹೀಗೆ ನೋಡಿ:

1. ಲಿವರ್: ಎಳೆಯುವಾಗ ಟಿಕ್ ಟಿಕ್ ಎಣಿಸಿ, ಗಾಡಿಯ ಕೈಪಿಡಿಯಲ್ಲಿರುವ ಸಂಖ್ಯೆಗೆ ಹೋಲಿಸಿ. ಹೆಚ್ಚಾದರೆ ಶೂ ಸವೆದಿದೆ ಅಥವಾ ಕೇಬಲ್ ಸಡಿಲವಾಗಿದೆ. ಎಳೆಯಲು ತುಂಬಾ ಗಟ್ಟಿಯಾದರೆ ಕೇಬಲ್ ಸಿಕ್ಕಿಕೊಂಡಿರಬಹುದು. ಎಳೆದ ಲಿವರ್ ತಾನೇ ಕೆಳಗೆ ಬಿದ್ದರೆ ಅದರ ಹಲ್ಲು ಸವೆದಿದೆ.

2. ಇಳಿಜಾರು: ಹಿಂದೆ ಮುಂದೆ ಯಾರೂ ಇಲ್ಲದ ಕಡೆ ಎಂಜಿನ್ ಚಾಲೂ ಇಟ್ಟು, ಲಿವರ್ ಎಳೆದು, ನ್ಯೂಟ್ರಲ್ ಮಾಡಿ, ಕಾಲಿನ ಬ್ರೇಕನ್ನು ನಿಧಾನವಾಗಿ ಬಿಡಿ. ಜಾರಿದರೆ ಕೂಡಲೇ ತುಳಿಯಿರಿ. ಗಾಡಿ ಮೇಲ್ಮುಖ, ಕೆಳಮುಖ ಎರಡೂ ಕಡೆ ನೋಡಿ. ಖಾಲಿ ಗಾಡಿ ನಿಂತಿತು ಅಂತ ಲೋಡ್ ಗಾಡಿ ನಿಲ್ಲುತ್ತದೆ ಅನ್ನಬೇಡಿ.

3. ಕೇಬಲ್: ಸಮತಟ್ಟಾದ ಜಾಗದಲ್ಲಿ ಮುಂದಿನ ಗಾಲಿಗಳ ಎರಡೂ ಬದಿಗೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ಟಾರ್ಚ್ ಹಿಡಿದು ಪಕ್ಕದಿಂದ ನೋಡಿ. ಹೊರಕವಚ ಹರಿದಿದೆಯೇ, ಎಳೆ ಕಿತ್ತಿದೆಯೇ, ತುಕ್ಕು ಇದೆಯೇ? ಲಿವರ್ ಬಿಟ್ಟಾಗ ಎರಡೂ ಕಡೆ ಕೇಬಲ್ ಸಲೀಸಾಗಿ ಹಿಂದಕ್ಕೆ ಬರಬೇಕು. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ನುಗ್ಗಬೇಡಿ.

4. ಡ್ರಮ್: ಇದನ್ನು ಮೆಕ್ಯಾನಿಕ್ ಹತ್ತಿರವೇ ಬಿಚ್ಚಿಸಿ. ಲೈನಿಂಗ್ ದಪ್ಪ, ಬಿರುಕು, ಎಣ್ಣೆ ಜಿನುಗು ನೋಡಿಸಿ. ಎಣ್ಣೆ ಹತ್ತಿದ ಶೂ ಹಿಡಿಯುವುದಿಲ್ಲ. ಬದಲಿಸಿದರೆ ಎರಡೂ ಕಡೆ ಬದಲಿಸಿ. ಒಳಗಿನ ದೂಳನ್ನು ಬಾಯಿಂದ ಊದಬೇಡಿ. ಮೊದಲು ಶೂ ಸರಿಮಾಡಿಸಿ, ಆಮೇಲೆ ಕೇಬಲ್ ಬಿಗಿ. ನಾನು ಮಾಡಿದ್ದು ಇದರ ಉಲ್ಟಾ.

ಲಿವರ್ ಇಳಿಸಿದರೂ ಡ್ಯಾಶ್‌ಬೋರ್ಡಿನ ಬ್ರೇಕ್ ದೀಪ ಆರದಿದ್ದರೆ ಬ್ರೇಕ್ ಆಯಿಲ್ ಮಟ್ಟ ನೋಡಿ. ಓಡಿಸಿದ ಮೇಲೆ ಹಿಂದಿನ ಒಂದೇ ಗಾಲಿಯಿಂದ ಸುಟ್ಟ ವಾಸನೆ ಬಂದರೆ ಬ್ರೇಕ್ ಪೂರ್ತಿ ಬಿಡುತ್ತಿಲ್ಲ ಅಂತ ತಿಳಿಯಿರಿ. ಮುಟ್ಟಬೇಡಿ, ಬಿಸಿ ಇರುತ್ತದೆ.

ನಮ್ಮ ಗಾಡಿಗಳ ಅಡಿಯಲ್ಲಿ ಕೆಸರು, ಸಗಣಿ ಗೊಬ್ಬರ ಮೆತ್ತಿಕೊಂಡು ತೇವ ನಿಂತರೆ ತುಕ್ಕು ಬೇಗ. ಗೊಬ್ಬರ ಹೊಡೆದ ದಿನ ಅಡಿಭಾಗ ತೊಳೆಯಿರಿ. ಹ್ಯಾಂಡ್ ಬ್ರೇಕನ್ನು ದಿನಾ ಬಳಸಿದರೆ ಕೇಬಲ್ ಸಡಿಲವಾಗಿ ಓಡಾಡುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಮಾತ್ರ ಸಮತಟ್ಟಿನಲ್ಲಿ ಗೇರ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಲಿವರ್ ಇಳಿಸಿ. ಇಲ್ಲದಿದ್ದರೆ ಶೂ ಡ್ರಮ್ಮಿಗೆ ಅಂಟಿಕೊಳ್ಳಬಹುದು.

ಈಗ ನಮ್ಮ ಪಿಕಪ್‌ನಲ್ಲಿ ಎರಡು ಮರದ ದಿಮ್ಮಿ ಸದಾ ಇರುತ್ತವೆ. ಕೆರೆ ಏರಿಯಾಗಲಿ, ಹುಲಿಯೂರುದುರ್ಗದ ಕಡೆಯ ದಿಣ್ಣೆಯಾಗಲಿ, ಹ್ಯಾಂಡ್ ಬ್ರೇಕ್, ಗೇರ್, ಗಾಲಿಗೆ ದಿಮ್ಮಿ, ಮೂರೂ ಆದ ಮೇಲೇ ಮೊದಲ ಕ್ರೇಟ್ ಏರುತ್ತದೆ.